ಬೆಳ್ಳಿಯ ಆಭರಣವನ್ನು ಕೊಳ್ಳುವ ಮುನ್ನ ಅದರ ಗುಣಮಟ್ಟವನ್ನು ತಿಳಿಯುವುದು ಹೇಗೆ?

ಪ್ರಶ್ನೆ — ಹೊಸ ಗ್ರಾಹಕಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ನಾನು ಬೆಳ್ಳಿಯದೆಂದು ನಂಬಿ ಕುತ್ತಿಗೆಯ ಸರವೊಂದನ್ನು ಕೊಂಡಿದ್ದೆ. ಅದರ ಕೊಕ್ಕೆಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಿಲ್ಲೆಯೊಂದು ತೂಗುತ್ತದೆ. ಅದರ ಮೇಲೆ 925 ಎಂಬ ಅಂಕಿ ಸ್ಪಷ್ಟವಾಗಿ ಒತ್ತಿದ್ದನ್ನು ಕಂಡ ಮೇಲೆ ಬೇರೇನನ್ನೂ ವಿಚಾರಿಸಬೇಕೆಂದು ನನಗೆ ಅನ್ನಿಸಲಿಲ್ಲ. ಮೊದಲ ಕೆಲವು ತಿಂಗಳು ಸರ ಚೆನ್ನಾಗಿಯೇ ಇತ್ತು. ಆಮೇಲೆ ಕೊಂಡಿಗಳು ಒಂದಕ್ಕೊಂದು ಉಜ್ಜುವ ಒಳಮೈಯಲ್ಲಿ ಹಳದಿ ಛಾಯೆ ಕಾಣಿಸಿಕೊಂಡಿತು. ಬೆಳ್ಳಿ ಕಪ್ಪಾಗುತ್ತದೆಂದು ನನಗೆ ಗೊತ್ತಿತ್ತು, ಹಾಗಾಗಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದೆ. ಉಜ್ಜಿದಷ್ಟೂ ಹಳದಿ ಹೆಚ್ಚಾಯಿತೇ ಹೊರತು ಬಿಳುಪು ಮರಳಲಿಲ್ಲ.

ಈಗ ಎರಡು ಆಭರಣಗಳನ್ನು ಕೊಳ್ಳಬೇಕೆಂದಿದ್ದೇನೆ: ಚಪ್ಪಟೆ ಕೊಂಡಿಗಳ ಒಂದು ಕೈಸರ ಮತ್ತು ಕಲ್ಲು ಕೂರಿಸಿದ ಒಂದು ಉಂಗುರ. ಮತ್ತೊಮ್ಮೆ ಮೋಸಹೋಗಲು ಮನಸ್ಸಿಲ್ಲ. ಆಭರಣಕ್ಕೆ ಗೀರೂ ಬೀಳದಂತೆ, ಅಂಗಡಿಯಲ್ಲಿ ಅಥವಾ ಮನೆಯಲ್ಲಿ ಹದಿನೈದಿಪ್ಪತ್ತು ನಿಮಿಷಗಳಲ್ಲಿ ನಾನಾಗಿಯೇ ಏನನ್ನು ಪರೀಕ್ಷಿಸಬಹುದು? ಅಯಸ್ಕಾಂತ ಹಿಡಿದು ನೋಡಿ, ಮಂಜುಗಡ್ಡೆ ಇಟ್ಟು ನೋಡಿ ಎಂದು ಹಲವರು ಹೇಳಿದ್ದಾರೆ. ಇವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ — ಅಕ್ಕಸಾಲಿ

ನಮಸ್ಕಾರ ಮೇಡಂ. ನಾನು ಬೆಳ್ಳಿಯ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದವನು. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮುನ್ನ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಲೋಹದ ಶುದ್ಧತೆ ಬೇರೆ, ಆಭರಣದ ಗುಣಮಟ್ಟ ಬೇರೆ. ಮುದ್ರೆಯು ಮೊದಲನೆಯದರ ಬಗ್ಗೆ ಮಾತ್ರ ಹೇಳುತ್ತದೆ. ಚೊಕ್ಕ ಬೆಳ್ಳಿಯಲ್ಲಿ ಮಾಡಿದ ಕಳಪೆ ಉಂಗುರಗಳನ್ನೂ, ಕಡಿಮೆ ಶುದ್ಧತೆಯ ಬೆಳ್ಳಿಯಲ್ಲಿ ಮಾಡಿದ, ಮೂರು ತಲೆಮಾರು ಬಾಳಿದ ಬಳೆಗಳನ್ನೂ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆದ್ದರಿಂದ ನೀವು ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಮೊದಲು ಮುದ್ರೆಯ ಮಾತು. 925 ಎಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದ 75 ಭಾಗ ಬೇರೆ ಲೋಹ. ಆ ಬೇರೆ ಲೋಹ ಸಾಮಾನ್ಯವಾಗಿ ತಾಮ್ರ. ಇದನ್ನೇ ಸ್ಟರ್ಲಿಂಗ್ ಎನ್ನುತ್ತಾರೆ. 800, 830, 835 ಎಂಬ ಕಡಿಮೆ ದರ್ಜೆಗಳೂ, 958 ಮತ್ತು 999 ಎಂಬ ಮೇಲಿನ ದರ್ಜೆಗಳೂ ಇವೆ. 958ಕ್ಕೆ ಬ್ರಿಟಾನಿಯಾ ಎಂಬ ಹೆಸರಿದ್ದು, ಇಂಗ್ಲೆಂಡಿನಲ್ಲಿ 1697ರಲ್ಲಿ ಅದನ್ನು ಕಡ್ಡಾಯ ಮಾಡಿದ್ದರ ಹಿಂದೆ ಒಂದು ಕಾರಣವಿತ್ತು: ಬೆಳ್ಳಿಯ ನಾಣ್ಯಗಳ ಅಂಚನ್ನು ಕತ್ತರಿಸಿ, ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು ನಾಣ್ಯಕ್ಕಿಂತ ಪಾತ್ರೆಯ ಬೆಳ್ಳಿ ಶುದ್ಧವಾಗಿರಬೇಕೆಂದು ಕಾನೂನು ಮಾಡಿದರು. ಅಂದರೆ ಮುದ್ರೆಯ ಅಂಕಿಗಳು ಹುಟ್ಟಿದ್ದೇ ಮೋಸದ ವಿರುದ್ಧ. ಆದರೆ ಅಂಕಿಯನ್ನು ಯಾರು ಒತ್ತಿದರು ಎಂಬುದು ಅಂಕಿಯಷ್ಟೇ ಮುಖ್ಯ. ತಯಾರಕನೇ ಒತ್ತಿದ 925 ಅವನ ಹೇಳಿಕೆ ಮಾತ್ರ. ಸ್ವತಂತ್ರ ಪರೀಕ್ಷಾ ಕೇಂದ್ರವು ಲೋಹವನ್ನು ಪರೀಕ್ಷಿಸಿ ಒತ್ತಿದ ಹಾಲ್‌ಮಾರ್ಕ್ ಒಂದು ಪ್ರಮಾಣ. ಹಾಲ್‌ಮಾರ್ಕಿನಲ್ಲಿ ಶುದ್ಧತೆಯ ಅಂಕಿಯ ಜೊತೆಗೆ ಪರೀಕ್ಷಿಸಿದ ಕೇಂದ್ರದ ಗುರುತು ಮತ್ತು ಬಹುತೇಕ ಕಡೆ ತಯಾರಕನ ಗುರುತೂ ಇರುತ್ತದೆ. 1972ರಲ್ಲಿ ವಿಯೆನ್ನಾದಲ್ಲಿ ಆದ ಒಪ್ಪಂದದ ಪ್ರಕಾರ ಹಲವು ದೇಶಗಳು ಪರಸ್ಪರ ಒಪ್ಪುವ ಒಂದು ಸಾಮಾನ್ಯ ಮುದ್ರೆಯೂ ಇದೆ. ಅದರಲ್ಲಿ ತಕ್ಕಡಿಯ ಚಿತ್ರವಿರುತ್ತದೆ. ಒಂಟಿ 925 ಇದ್ದರೆ ಅದು ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ವಿಚಾರಣೆ ಅಲ್ಲಿಗೆ ಮುಗಿಯಬಾರದು.

ಮುದ್ರೆ ಎಲ್ಲಿದೆ ಎಂಬುದನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ನಿಮ್ಮ ಸರದಲ್ಲಿ ಅದು ತೂಗುವ ಬಿಲ್ಲೆಯ ಮೇಲಿತ್ತು ಎಂದಿರಿ. ಅಂಥ ಬಿಲ್ಲೆಗಳು, ಕೊಕ್ಕೆಗಳು ಮುದ್ರೆ ಸಮೇತ ಬಿಡಿಯಾಗಿ ಮಾರಾಟಕ್ಕೆ ಸಿಗುತ್ತವೆ. ಬಿಲ್ಲೆಯು ನಿಜವಾಗಿಯೂ 925 ಆಗಿದ್ದು ಸರ ಮಾತ್ರ ಬೇರೆ ಲೋಹದ್ದಾಗಿರುವ ಸಾಧ್ಯತೆ ಇದ್ದೇ ಇದೆ. ಉಂಗುರದಲ್ಲಿ ಮುದ್ರೆಯು ಒಳಸುತ್ತಿನಲ್ಲಿ, ಬಳೆಯಲ್ಲಿ ಒಳಮೈಯಲ್ಲಿ, ಕೈಸರದಲ್ಲಿ ಸಾಧ್ಯವಾದರೆ ಕೊಕ್ಕೆಯ ಮೇಲೂ ಒಂದು ಕೊಂಡಿಯ ಮೇಲೂ ಇದ್ದರೆ ಒಳ್ಳೆಯದು. ಮುದ್ರೆಯನ್ನು ಉಳಿಯಿಂದ ಒತ್ತಿದ್ದರೆ ಅಂಕಿಗಳ ಅಂಚು ಚೂಪಾಗಿ, ತಳ ಸಮವಾಗಿ ಕಾಣುತ್ತದೆ. ಅಚ್ಚಿನಲ್ಲಿ ಎರಕ ಹೊಯ್ಯುವಾಗಲೇ ಮೂಡಿದ ಅಂಕಿಗಳ ಅಂಚು ಮೊಂಡಾಗಿ, ಕರಗಿದಂತೆ ಇರುತ್ತದೆ. ಅದು ಮೋಸದ ಗುರುತೇ ಆಗಬೇಕೆಂದಿಲ್ಲ, ಆದರೆ ಪರೀಕ್ಷೆಯಾದ ಮೇಲೆ ಒತ್ತಿದ ಮುದ್ರೆ ಅದಲ್ಲ ಎಂಬುದು ಖಚಿತ.

ಹೆಸರುಗಳಿಗೆ ಮರುಳಾಗಬೇಡಿ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಆಲ್ಪಾಕಾ, ನಿಕಲ್ ಸಿಲ್ವರ್ ಎಂಬವು ಅದರದೇ ಬೇರೆ ಹೆಸರುಗಳು. ಇಪಿಎನ್‌ಎಸ್ ಎಂಬ ಅಕ್ಷರಗಳಿದ್ದರೆ ಅದೇ ಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿಯ ನೀರು ಹಾಕಿದ್ದಾರೆ ಎಂದರ್ಥ. ಸ್ಟರ್ಲಿಂಗ್ ಲೇಪಿತ ಎಂದು ಬರೆದಿದ್ದರೆ ಸ್ಟರ್ಲಿಂಗ್ ಎಂಬ ಪದವನ್ನಲ್ಲ, ಲೇಪಿತ ಎಂಬ ಪದವನ್ನು ಓದಿಕೊಳ್ಳಿ.

ಇನ್ನು ಬಣ್ಣದ ವಿಚಾರ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡ್ ಕೂಡುತ್ತದೆ. ಅದು ಮೊದಲು ತಿಳಿ ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಕಪ್ಪಾಯಿತೆಂದು ಖೋಟಾ ಎನ್ನುವಂತಿಲ್ಲ, ಕಪ್ಪಾಗಲಿಲ್ಲವೆಂದು ಅಪ್ಪಟ ಎನ್ನುವಂತೆಯೂ ಇಲ್ಲ. ಎಷ್ಟೋ ಒಳ್ಳೆಯ ಬೆಳ್ಳಿಯ ಆಭರಣಗಳಿಗೆ ಕಪ್ಪಾಗದಿರಲೆಂದು ರೋಡಿಯಂ ಎಂಬ ಬಿಳಿ ಲೋಹದ ಲೇಪ ಕೊಟ್ಟಿರುತ್ತಾರೆ. ಸಲ್ಫೈಡಿನ ಹಳದಿಯಾದರೆ ಉಜ್ಜಿದಾಗ ಹೋಗುತ್ತದೆ. ನೀವು ಹೇಳಿದ ಹಳದಿ ಉಜ್ಜಿದಷ್ಟೂ ಹೆಚ್ಚಾಗಿದೆ, ಅದೂ ಸವೆಯುವ ಜಾಗದಲ್ಲೇ ಮೂಡಿದೆ. ಬೆಳ್ಳಿಯ ತೆಳು ಲೇಪ ಸವೆದು ಒಳಗಿನ ಲೋಹ ಇಣುಕುತ್ತಿರುವುದರ ಲಕ್ಷಣ ಇದು. ನೋಡದೆ ತೀರ್ಪು ಕೊಡಬಾರದೆಂಬುದು ನನಗೆ ಗೊತ್ತು, ಆದರೂ ನನ್ನ ಅನುಮಾನ ಬಲವಾಗಿಯೇ ಇದೆ. ಅಂಗಡಿಯಲ್ಲಿ ಬಳಸಿದ ಮಾದರಿ ಅಥವಾ ಹಳೆಯ ಆಭರಣ ಕೈಗೆ ಸಿಕ್ಕರೆ ಉಬ್ಬಿದ ಅಂಚುಗಳನ್ನೂ, ಕೊಂಡಿಗಳ ಒಳಮೈಯನ್ನೂ, ಉಂಗುರದ ತಳವನ್ನೂ ನೋಡಿ. ಲೇಪದ ಬಂಡವಾಳ ಬಯಲಾಗುವುದು ಅಲ್ಲೇ.

ಆಕ್ಸಿಡೈಸ್ಡ್ ಎಂದು ಮಾರುವ ಕಪ್ಪು ಛಾಯೆಯ ಆಭರಣಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಆ ಕಪ್ಪು ನಿಜವಾಗಿ ಆಕ್ಸೈಡ್ ಅಲ್ಲ, ಗಂಧಕದ ದ್ರಾವಣದಿಂದ ಬೇಕೆಂದೇ ಮೂಡಿಸಿದ ಅದೇ ಸಲ್ಫೈಡ್. ಅದು ಕೆತ್ತನೆಯ ತಗ್ಗುಗಳಲ್ಲಿ ಲೋಹದ ಭಾಗವೇ ಆಗಿ ಕುಳಿತಿರುತ್ತದೆ. ಬೆರಳುಗುರಿನಿಂದ ಕೆರೆದಾಗ ಸಿಪ್ಪೆಯಾಗಿ ಏಳುವ ಕಪ್ಪು ಬರೀ ಬಣ್ಣ.

ಉತ್ತರ — ಭೌತಶಾಸ್ತ್ರದ ಮೇಷ್ಟ್ರು

ಅಕ್ಕಸಾಲಿಯವರು ಕಣ್ಣಿನಿಂದ ನೋಡಬೇಕಾದುದನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಅಳೆಯಬೇಕಾದುದನ್ನು ಹೇಳುತ್ತೇನೆ. ಅಯಸ್ಕಾಂತದ ಪರೀಕ್ಷೆ ಏಕಮುಖವಾದದ್ದು. ಬೆಳ್ಳಿಯನ್ನು ಅಯಸ್ಕಾಂತ ಆಕರ್ಷಿಸುವುದಿಲ್ಲ, ನಿಜ. ಆದರೆ ತಾಮ್ರ, ಹಿತ್ತಾಳೆ, ಸೀಸ, ತವರ, ಅಲ್ಯೂಮಿನಿಯಂಗಳನ್ನೂ ಆಕರ್ಷಿಸುವುದಿಲ್ಲ. ಅಂಟಿಕೊಂಡರೆ ಒಳಗೆ ಕಬ್ಬಿಣದಂಥ ಲೋಹವಿದೆ ಎಂದು ಗೊತ್ತಾಗುತ್ತದೆ, ಅಂಟದಿದ್ದರೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಅಪ್ಪಟ ಬೆಳ್ಳಿಯ ಸರದಲ್ಲೂ ಕೊಕ್ಕೆಯೊಳಗಿನ ಸ್ಪ್ರಿಂಗು ಉಕ್ಕಿನದಾಗಿರಬಹುದು. ಕೊಕ್ಕೆ ಮಾತ್ರ ಅಂಟಿಕೊಂಡರೆ ಇಡೀ ಸರವನ್ನು ತಿರಸ್ಕರಿಸಬೇಡಿ.

ಮಂಜುಗಡ್ಡೆಯ ಪರೀಕ್ಷೆಯ ಹಿಂದಿನ ತರ್ಕ ಸರಿಯಾದದ್ದೇ. ಶಾಖವನ್ನು ಸಾಗಿಸುವುದರಲ್ಲಿ ಬೆಳ್ಳಿ ಎಲ್ಲ ಲೋಹಗಳಿಗಿಂತ ಮುಂದು. ಆದರೆ ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 429 ವ್ಯಾಟ್ ಇದ್ದರೆ ತಾಮ್ರದ್ದು ಸುಮಾರು 401. ಬೆಳ್ಳಿಯ ನೀರು ಹಾಕಿದ ತಾಮ್ರದ ಬಿಲ್ಲೆಯ ಮೇಲೂ ಮಂಜು ಹೆಚ್ಚುಕಡಿಮೆ ಅಷ್ಟೇ ವೇಗವಾಗಿ ಕರಗುತ್ತದೆ, ಕಣ್ಣಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ತೆಳ್ಳನೆಯ ಸರದ ಮೇಲಂತೂ ಈ ಪರೀಕ್ಷೆಗೆ ಅರ್ಥವೇ ಇಲ್ಲ. ತಟ್ಟಿ ದನಿ ಕೇಳುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ದನಿಯು ಲೋಹಕ್ಕಿಂತ ಹೆಚ್ಚಾಗಿ ಆಕಾರವನ್ನು ಅವಲಂಬಿಸುತ್ತದೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ನಿಜವಾಗಿ ಬೆಲೆ ಕೊಡುವುದು ಸಾಂದ್ರತೆಯ ಅಳತೆಗೆ. ಚೊಕ್ಕ ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ. ತಾಮ್ರ ಬೆರೆತ 925 ಬೆಳ್ಳಿಯದು ಸುಮಾರು 10.36, 800 ಬೆಳ್ಳಿಯದು ಸುಮಾರು 10.14. ತಾಮ್ರದ್ದು 8.96, ಹಿತ್ತಾಳೆ ಮತ್ತು ಜರ್ಮನ್ ಸಿಲ್ವರ್‌ಗಳು ಅವುಗಳ ಬೆರಕೆಗೆ ತಕ್ಕಂತೆ ಸುಮಾರು 8.4ರಿಂದ 8.8ರ ನಡುವೆ ಇರುತ್ತವೆ. ಬೆಳ್ಳಿಗೂ ಈ ಅಗ್ಗದ ಲೋಹಗಳಿಗೂ ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಎಚ್ಚರದಿಂದ ಮಾಡಿದ ಸಾಧಾರಣ ಅಳತೆಯೂ ಅದನ್ನು ತೋರಿಸಿಕೊಡುತ್ತದೆ.

ವಿಧಾನ ಹೀಗಿದೆ. 0.01 ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ ಬೇಕು. ಮೊದಲು ಒಣ ಆಭರಣವನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ಲೋಟದಲ್ಲಿ ನೀರು ಹಾಕಿ ಯಂತ್ರದ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ಆಭರಣವನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ, ದಾರವನ್ನು ಕೈಯಲ್ಲೇ ಹಿಡಿದು, ಪೂರ್ತಿ ಮುಳುಗುವಂತೆ ಆದರೆ ಲೋಟದ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಇಳಿಬಿಡಿ. ಈಗ ಯಂತ್ರ ತೋರಿಸುವುದು ಆಭರಣವು ಪಕ್ಕಕ್ಕೆ ತಳ್ಳಿದ ನೀರಿನ ತೂಕವನ್ನು. ಒಂದು ಗ್ರಾಂ ನೀರು ಹೆಚ್ಚುಕಡಿಮೆ ಒಂದು ಘನ ಸೆಂಟಿಮೀಟರ್ ಆದ್ದರಿಂದ, ಆ ಅಂಕಿಯೇ ಆಭರಣದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಉದಾಹರಣೆಗೆ, ನನ್ನ ಬಳಿಯಿರುವ ಗಟ್ಟಿ ಬಳೆಯೊಂದು ಒಣಗಿರುವಾಗ 24.60 ಗ್ರಾಂ ತೂಗಿತು. ನೀರಿನಲ್ಲಿ ಇಳಿಬಿಟ್ಟಾಗ ಯಂತ್ರ 2.38 ತೋರಿಸಿತು. ಭಾಗಿಸಿದರೆ 10.34. ಅದೇ ತೂಕದ ಹಿತ್ತಾಳೆಯ ಬಳೆಯಾಗಿದ್ದರೆ ಯಂತ್ರ 2.9ರ ಆಸುಪಾಸು ತೋರಿಸಬೇಕಿತ್ತು.

ಎಲ್ಲಿ ತಪ್ಪಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಸರದ ಕೊಂಡಿಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಗಾತ್ರ ಹೆಚ್ಚು ತೋರಿ ಸಾಂದ್ರತೆ ಇಳಿಯುತ್ತದೆ. ನೀರಿಗೆ ಒಂದು ತೊಟ್ಟು ಸೋಪಿನ ದ್ರವ ಹಾಕಿ, ಆಭರಣವನ್ನು ಮೆಲ್ಲಗೆ ಅಲುಗಾಡಿಸಿದರೆ ಗುಳ್ಳೆಗಳು ಬಿಟ್ಟುಕೊಳ್ಳುತ್ತವೆ. ಆಭರಣ ಬಹಳ ಹಗುರವಾಗಿದ್ದರೆ ಅಳತೆ ಸಾಲದು. ಮೂರು ಗ್ರಾಮಿನ ಉಂಗುರ ತಳ್ಳುವ ನೀರು 0.29 ಗ್ರಾಂ ಅಷ್ಟೇ, ಯಂತ್ರ 0.01 ಆಚೀಚೆ ತೋರಿಸಿದರೂ ಉತ್ತರ ಶೇಕಡಾ ಮೂರಕ್ಕಿಂತ ಹೆಚ್ಚು ತಪ್ಪುತ್ತದೆ, 925 ಮತ್ತು 800ರ ನಡುವಿನ ವ್ಯತ್ಯಾಸವೇ ಶೇಕಡಾ ಎರಡರಷ್ಟಿರುವಾಗ ಆ ಅಳತೆಯಿಂದ ದರ್ಜೆ ತಿಳಿಯುವುದಿಲ್ಲ. ಟೊಳ್ಳಾದ, ಕಲ್ಲು ಕೂರಿಸಿದ, ಒಳಗೆ ಅರಗು ತುಂಬಿದ ಆಭರಣಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಮತ್ತೆ, ಸೀಸದ ಸಾಂದ್ರತೆ 11.34 ಆದ್ದರಿಂದ ತಾಮ್ರ ಮತ್ತು ಸೀಸವನ್ನು ಲೆಕ್ಕ ಹಾಕಿ ಸೇರಿಸಿದವನು ಬೆಳ್ಳಿಯ ಸಾಂದ್ರತೆಯನ್ನು ಅನುಕರಿಸಬಲ್ಲ. ಹೀಗಾಗಿ ಸಾಂದ್ರತೆ ಕಡಿಮೆ ಬಂದರೆ, ಗಟ್ಟಿ ಆಭರಣವಾಗಿದ್ದಲ್ಲಿ, ಅದು ಒಳ್ಳೆಯ ಬೆಳ್ಳಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು. ಸರಿಯಾಗಿ ಬಂದರೆ ಬೆಳ್ಳಿ ಇರುವ ಸಾಧ್ಯತೆ ಬಹಳ ಹೆಚ್ಚು ಎಂದು ಮಾತ್ರ ಹೇಳಬಹುದು.

ಹೊಸ ಗ್ರಾಹಕಿ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆಯೇ ನನ್ನ ಹಳೆಯ ಸರವನ್ನು ಅಳೆದೆ. ಅದರ ಕೊಂಡಿಗಳು ಟೊಳ್ಳಲ್ಲ, ಕಲ್ಲೂ ಇಲ್ಲ. ಒಣ ತೂಕ 18.42 ಗ್ರಾಂ. ಮೊದಲ ಸಲ ನೀರಿನ ಅಂಕಿ 2.19 ಬಂತು; ಗುಳ್ಳೆಗಳಿದ್ದವು. ಸೋಪಿನ ದ್ರವ ಹಾಕಿ ಮತ್ತೆ ಮೂರು ಸಲ ಅಳೆದಾಗ 2.11, 2.11, 2.12 ಬಂತು. ಅಂದರೆ ಸಾಂದ್ರತೆ ಸುಮಾರು 8.7. ಕಾಗದದ ಮೇಲೆ ಆ ಅಂಕಿಯನ್ನು ಬರೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಎರಡು ವರ್ಷ ಅದನ್ನು ಬೆಳ್ಳಿಯೆಂದೇ ಜೋಪಾನ ಮಾಡಿದ್ದೆ.

ಈಗ ನನ್ನ ಮುಂದಿನ ಸಂದೇಹ: ಕೆಲವು ಅಂಗಡಿಗಳಲ್ಲಿ ಆಭರಣವನ್ನು ಪೆಟ್ಟಿಗೆಯಂಥ ಯಂತ್ರದಲ್ಲಿಟ್ಟು ಕ್ಷಣದಲ್ಲೇ ಶೇಕಡಾವಾರು ಬೆಳ್ಳಿಯನ್ನು ತೋರಿಸುತ್ತಾರೆ. ಅದನ್ನು ನಂಬಿದರೆ ಉಳಿದ ತೊಂದರೆಗಳೆಲ್ಲ ತಪ್ಪುತ್ತವೆಯೇ? ಆ್ಯಸಿಡ್ ಪರೀಕ್ಷೆಯ ಸಣ್ಣ ಶೀಶೆಗಳೂ ಮಾರಾಟಕ್ಕಿವೆ. ಅದನ್ನು ನಾನೇ ಮಾಡಬಹುದೇ?

ಉತ್ತರ — ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು

ಆ ಯಂತ್ರವು ಆಭರಣದ ಮೇಲೆ ಎಕ್ಸ್-ಕಿರಣ ಹಾಯಿಸಿ, ಲೋಹದ ಪರಮಾಣುಗಳು ಮರಳಿ ಸೂಸುವ ಕಿರಣಗಳನ್ನು ಓದಿ, ಯಾವ ಲೋಹ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಆಭರಣಕ್ಕೆ ಯಾವ ಹಾನಿಯೂ ಇಲ್ಲದ, ಬಹಳ ಉಪಯುಕ್ತವಾದ ಪರೀಕ್ಷೆ ಇದು. ನನ್ನ ದಿನದ ಬಹುಪಾಲು ಅದರ ಮುಂದೆಯೇ ಕಳೆಯುತ್ತದೆ. ಆದರೆ ಅದು ಓದುವುದು ಮೇಲ್ಮೈಯನ್ನು, ಅಂದರೆ ಮಿಲಿಮೀಟರಿನ ಕೆಲವು ನೂರನೆಯ ಭಾಗದಷ್ಟು ಆಳವನ್ನು ಮಾತ್ರ. ದಪ್ಪ ಲೇಪವಿದ್ದರೆ ಯಂತ್ರವು ಲೇಪವನ್ನೇ ಆಭರಣವೆಂದು ತಿಳಿಯುತ್ತದೆ. ರೋಡಿಯಂ ಲೇಪವಿದ್ದರೆ ಅಂಕಿಗಳು ಇನ್ನೊಂದು ರೀತಿಯಲ್ಲಿ ಏರುಪೇರಾಗುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ, ಅದನ್ನು ಗ್ರಾಹಕರಿಗೆ ಯಾರೂ ಹೇಳುವುದಿಲ್ಲ. ಲೇಪವೇ ಇಲ್ಲದ ಆಭರಣದಲ್ಲೂ ಮೇಲ್ಮೈ ಒಳಗಿಗಿಂತ ಶುದ್ಧವಾಗಿರಬಹುದು. ತಾಮ್ರ ಬೆರೆತ ಬೆಳ್ಳಿಯನ್ನು ಕಾಯಿಸಿದಾಗ ಮೇಲ್ಮೈಯ ತಾಮ್ರ ಆಕ್ಸೈಡ್ ಆಗುತ್ತದೆ. ಬಳಿಕ ದುರ್ಬಲ ಆ್ಯಸಿಡ್ಡಿನಲ್ಲಿ ಅದ್ದಿದಾಗ ಆ ಆಕ್ಸೈಡ್ ಮಾತ್ರ ಕರಗಿ, ಬೆಳ್ಳಿ ಹೆಚ್ಚಿರುವ ಬಿಳಿಯ ತೆಳು ಪದರ ಉಳಿಯುತ್ತದೆ. ಇದು ಕೆಲಸದ ಸಹಜ ಹಂತ, ಮೋಸವಲ್ಲ. ಆದರೆ ಇದನ್ನು ಮತ್ತೆ ಮತ್ತೆ ಮಾಡಿ ಕಡಿಮೆ ದರ್ಜೆಯ ಬೆಳ್ಳಿಯನ್ನು ಮೇಲ್ನೋಟಕ್ಕೆ ಮೇಲಿನ ದರ್ಜೆಯದಾಗಿ ಕಾಣುವಂತೆಯೂ ಮಾಡಬಹುದು. ಆದ್ದರಿಂದ ಯಂತ್ರದ ಪರೀಕ್ಷೆ ಮಾಡಿಸುವಾಗ ಕನಿಷ್ಠ ಮೂರು ಕಡೆ ಓದಿಸಿ: ಕೊಕ್ಕೆ, ನಡುವಿನ ಒಂದು ಕೊಂಡಿ, ಮತ್ತು ಸಾಧ್ಯವಾದರೆ ಸವೆದ ಅಥವಾ ಅರದಿಂದ ಲಘುವಾಗಿ ಉಜ್ಜಿದ ಒಂದು ಜಾಗ. ಈ ಓದುಗಳು ಒಂದಕ್ಕೊಂದು ಹೊಂದದಿದ್ದರೆ ಕಾರಣ ಕೇಳಿ. ಬೆಸುಗೆಯ ಮೇಲೆಯೇ ಓದಿಸಿದರೆ ಅಂಕಿ ಕಡಿಮೆ ಬರುವುದು ಸಹಜ, ಏಕೆಂದರೆ ಬೆಸುಗೆಯ ಲೋಹದಲ್ಲಿ ಬೇಗ ಕರಗಲೆಂದು ತಾಮ್ರ ಮತ್ತು ಸತುವನ್ನು ಹೆಚ್ಚು ಸೇರಿಸಿರುತ್ತಾರೆ.

ವಿವಾದ ತೀರಿಸುವಂಥ ನಿಖರ ಪರೀಕ್ಷೆ ಬೇಕೆಂದರೆ ಆಭರಣದಿಂದ ಒಂದು ಚೂರು ಕೆರೆದು, ನೈಟ್ರಿಕ್ ಆ್ಯಸಿಡ್ಡಿನಲ್ಲಿ ಕರಗಿಸಿ, ಅದರಲ್ಲಿರುವ ಬೆಳ್ಳಿಯನ್ನು ಉಪ್ಪಿನ ಅಥವಾ ಬ್ರೋಮೈಡಿನ ಗೊತ್ತಾದ ದ್ರಾವಣದಿಂದ ಅಳೆಯಬೇಕು. 1830ರ ದಶಕದಲ್ಲಿ ಫ್ರಾನ್ಸಿನ ಗೇ-ಲುಸಾಕ್ ರೂಪಿಸಿದ ವಿಧಾನದ ಇಂದಿನ ರೂಪ ಇದು. ಒಂದು ಉಂಗುರಕ್ಕಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ, ಆದರೆ ಹಾಲ್‌ಮಾರ್ಕ್ ಒತ್ತುವ ಕೇಂದ್ರಗಳಿಗೆ ಅನುಮಾನ ಬಂದಾಗ ಅವುಗಳ ಕೊನೆಯ ಆಸರೆ ಇದೇ.

ಆ್ಯಸಿಡ್ ಶೀಶೆಗಳನ್ನು ದಯವಿಟ್ಟು ಮನೆಗೆ ತರಬೇಡಿ. ಕೆಂಪು ಬಣ್ಣ ತೋರಿಸುವ ಆ ದ್ರಾವಣದಲ್ಲಿ ನೈಟ್ರಿಕ್ ಆ್ಯಸಿಡ್ಡಿನ ಜೊತೆಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಇರುತ್ತದೆ. ಅದು ಚರ್ಮವನ್ನು ಸುಡುವುದಷ್ಟೇ ಅಲ್ಲ, ಕ್ಯಾನ್ಸರ್ ತರಬಲ್ಲ ವಸ್ತು. ಅಷ್ಟಾಗಿಯೂ ಲೇಪದ ಮೇಲೆ ಒಂದು ತೊಟ್ಟು ಹಾಕಿದರೆ ಅದು ಲೇಪದ ಬೆಳ್ಳಿಗೇ ಕೆಂಪಾಗುತ್ತದೆ. ಒಳಲೋಹವನ್ನು ತಿಳಿಯಲು ಆಳವಾಗಿ ಗೀರಲೇಬೇಕು. ನೀವೇ ಗೀರು ಬೀಳಬಾರದು ಎಂದಿದ್ದೀರಿ.

ಕಿವಿಯ ಓಲೆ ಕೊಳ್ಳುವವರು ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಗ್ಗದ ಲೋಹದ ಮೇಲೆ ಬೆಳ್ಳಿಯ ನೀರು ಹಾಕುವ ಮುನ್ನ ಎಷ್ಟೋ ಕಡೆ ನಿಕಲ್ ಪದರ ಕೊಡುತ್ತಾರೆ. ಲೇಪ ಸವೆದ ಮೇಲೆ ತುರಿಕೆ, ಹುಣ್ಣು ಆಗುವುದು ಆ ನಿಕಲ್‌ನಿಂದ. ಯೂರೋಪಿನ ಒಕ್ಕೂಟವು ಚುಚ್ಚಿದ ಜಾಗದಲ್ಲಿ ಧರಿಸುವ ಆಭರಣಗಳಿಗೆ, ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿನಿಂದ 0.2 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕಲ್ ಬಿಡಕೂಡದೆಂಬ ಮಿತಿ ಇಟ್ಟಿದೆ. ಕಿವಿ ಸೂಕ್ಷ್ಮವಾಗಿದ್ದರೆ ಓಲೆಯ ಕಡ್ಡಿ ಯಾವ ಲೋಹದ್ದೆಂದು ಬೇರೆಯಾಗಿಯೇ ಕೇಳಿ.

ಉತ್ತರ — ರಿಪೇರಿ ಮೇಜಿನವನು

ಇಲ್ಲಿಯವರೆಗಿನ ಮಾತೆಲ್ಲ ಲೋಹದ ಬಗ್ಗೆ ನಡೆದಿದೆ. ನನ್ನ ಮೇಜಿಗೆ ಬರುವ ಆಭರಣಗಳಲ್ಲಿ ಹೆಚ್ಚಿನವು ನಿಜವಾದ 925 ಬೆಳ್ಳಿಯವೇ; ಅವು ಮುರಿದು ಬರುವುದು ಕೆಲಸದ ದೋಷದಿಂದ. ಆದ್ದರಿಂದ ಅಕ್ಕಸಾಲಿಯವರು ಮೊದಲಲ್ಲೇ ಹೇಳಿದ ಎರಡನೆಯ ಭಾಗವನ್ನು ನಾನು ಮುಂದುವರಿಸುತ್ತೇನೆ.

ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದನ್ನು ಜೊತೆಗಿಟ್ಟುಕೊಳ್ಳಿ. ಕೈಸರವನ್ನು ಕೈಗೆ ತೆಗೆದುಕೊಂಡಾಗ ಅದರ ಹೊಳಪಿನ ಮುಖವನ್ನು ಬಿಟ್ಟು ಮೊದಲು ಬೆನ್ನನ್ನು ನೋಡಿ. ಪ್ರತಿಯೊಂದು ಕೊಂಡಿಯೂ ಒಂದು ಕಡೆ ಕೂಡಿರಲೇಬೇಕು. ಆ ಕೂಡುಗೆಯನ್ನು ಬೆಸೆದಿದ್ದಾರೋ ಅಥವಾ ತುದಿಗಳನ್ನು ಒತ್ತಿ ಹತ್ತಿರ ತಂದು ಬಿಟ್ಟಿದ್ದಾರೋ ಎಂಬುದನ್ನು ಹುಡುಕಿ. ಬೆಸೆದ ಕಡೆ ಒಂದು ಮಸುಕು ಗೆರೆ ಕಾಣಬಹುದು ಅಥವಾ ಏನೂ ಕಾಣದಿರಬಹುದು. ಬೆಸೆಯದ ಕಡೆ ಕಪ್ಪು ಬಿರುಕಿನಂಥ ಸಂದು ಇರುತ್ತದೆ, ತೆಳ್ಳನೆಯ ಹತ್ತಿಯ ಎಳೆಯನ್ನು ಅದರ ಮೇಲೆ ಎಳೆದರೆ ಸಿಕ್ಕಿಕೊಳ್ಳುತ್ತದೆ. ಸರಗಳು ಬೀಳುವುದು ಹೆಚ್ಚಾಗಿ ಇಂಥ ಒಂದು ಸಂದಿನಿಂದ, ಅದರಲ್ಲೂ ಕೊಕ್ಕೆಗೆ ಜೋಡಿಸುವ ಕೊನೆಯ ಕೊಂಡಿಯಿಂದ. ನಲವತ್ತು ಕೊಂಡಿಗಳನ್ನು ಶ್ರದ್ಧೆಯಿಂದ ಬೆಸೆದವರೂ ಆ ಒಂದನ್ನು ಹಾಗೆಯೇ ಬಿಟ್ಟಿರುತ್ತಾರೆ, ಏಕೆಂದರೆ ಕೊಕ್ಕೆಯ ಪಕ್ಕದಲ್ಲಿ ಬೆಂಕಿ ಹಿಡಿದರೆ ಒಳಗಿನ ಸ್ಪ್ರಿಂಗು ಹದ ಕಳೆದುಕೊಳ್ಳುತ್ತದೆ. ಅಲ್ಲಿ ಬೆಸುಗೆ ಇಲ್ಲದಿದ್ದರೆ ತಂತಿಯಾದರೂ ದಪ್ಪಗಿರಬೇಕು.

ಬೆಸುಗೆಯ ಬಣ್ಣವನ್ನೂ ನೋಡಿ. ಬೆಳ್ಳಿಯ ಬೆಸುಗೆ ಬೆಳ್ಳಗೋ ತುಸು ಹಳದಿಯಾಗಿಯೋ, ಅಂಚಿನಲ್ಲಿ ಒಂದಾಗಿ ಬೆರೆತು ಇರುತ್ತದೆ. ಬೂದು ಬಣ್ಣದ, ಮಂಕಾದ, ಮೇಣ ಮೆತ್ತಿದಂತೆ ಉಬ್ಬಿದ ಬೆಸುಗೆ ಕಂಡರೆ ಅದು ತವರ ಮತ್ತು ಸೀಸದ್ದು. ಅದು 183 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕರಗತೊಡಗುವುದರಿಂದ ಹಚ್ಚುವುದು ಸುಲಭ, ಆದರೆ ಬಲವಿಲ್ಲ. ಮುಂದೊಂದು ದಿನ ಯಾರಾದರೂ ಅದನ್ನು ಸರಿಯಾಗಿ ಬೆಸೆಯಲು ಕಾಯಿಸಿದರೆ ಆ ಸೀಸವು ಸುತ್ತಲಿನ ಬೆಳ್ಳಿಯನ್ನು ತಿಂದು ಗುಳಿ ಬೀಳಿಸುತ್ತದೆ. ಒಮ್ಮೆ ಒಬ್ಬರ ಹಳೆಯ ಕಡಗವನ್ನು ಮೇಲೆ ಚೆನ್ನಾಗಿ ಉಜ್ಜಿದ್ದರಿಂದ ನಾನು ಇದನ್ನು ಗಮನಿಸದೆ ಬೆಂಕಿಗೆ ಹಿಡಿದೆ. ಕೂಡುಗೆಯ ಜಾಗದಲ್ಲಿ ಹುಳು ಕೊರೆದಂಥ ತೂತುಗಳಾದವು. ಅದನ್ನು ಕತ್ತರಿಸಿ ಹೊಸ ಬೆಳ್ಳಿ ತುಂಬಿ ಕೊಟ್ಟೆ, ಆದರೆ ಹಳೆಯ ಕೆತ್ತನೆಯ ಆ ಅಂಗುಲ ಮರಳಿ ಬರಲಿಲ್ಲ. ಅಂದಿನಿಂದ ಬೆಸುಗೆಯನ್ನು ಸೂಜಿಯ ತುದಿಯಿಂದ ಮುಟ್ಟಿ ನೋಡದೆ ಬೆಂಕಿ ಹಚ್ಚುವುದಿಲ್ಲ.

ಎರಕದ ಆಭರಣಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಗುಂಪಾಗಿ ಕಂಡರೆ ಒಳಗೂ ಅವು ಇವೆಯೆಂದೇ ತಿಳಿಯಬೇಕು. ಅಂಥ ಉಂಗುರ ಬಾಗುವುದಿಲ್ಲ, ಮುರಿಯುತ್ತದೆ. ಹೊಳಪಿನ ಅಡಿಯಲ್ಲಿ ಮೋಡ ಕವಿದಂತೆ ನಸುನೇರಳೆ ಮಿಶ್ರಿತ ಬೂದು ಕಲೆ ಕಂಡರೆ, ಕಾಯಿಸುವಾಗ ತಾಮ್ರ ಒಳಗೇ ಆಕ್ಸೈಡಾಗಿ ಉಳಿದಿದೆ ಎಂದರ್ಥ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಅದರಿಂದ ಬಾಳಿಕೆಗೆ ಧಕ್ಕೆಯಿಲ್ಲವಾದರೂ ಅವಸರದ ಕೆಲಸವೆಂಬುದಕ್ಕೆ ಅದು ಸಾಕ್ಷಿ.

ಟೊಳ್ಳು ಬಳೆಗಳ ಬಗ್ಗೆ ಹೇಳದೆ ಇರಲಾರೆ. ಒಳಗೆ ಅರಗು ತುಂಬುವುದು ತಪ್ಪಲ್ಲ, ತೆಳ್ಳನೆಯ ತಗಡು ತಗ್ಗು ಬೀಳದಂತೆ ಅದು ಕಾಪಾಡುತ್ತದೆ. ತಪ್ಪಾಗುವುದು ಅರಗಿನ ತೂಕವನ್ನೂ ಬೆಳ್ಳಿಯ ತೂಕದಲ್ಲೇ ಲೆಕ್ಕ ಹಾಕಿದಾಗ. ಕಲ್ಲುಗಳಿಗೂ ಇದೇ ಮಾತು. ಒಟ್ಟು ತೂಕ ಎಷ್ಟು, ಬರೀ ಬೆಳ್ಳಿಯ ತೂಕ ಎಷ್ಟು ಎಂಬ ಎರಡು ಅಂಕಿಗಳನ್ನೂ ಶುದ್ಧತೆಯ ಜೊತೆಗೆ ರಸೀದಿಯ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರ ಬಳಿ ಕೊಳ್ಳದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಗ್ರಾಹಕಿ

ಪರೀಕ್ಷಾಲಯದವರು ಹೇಳಿದಂತೆ ನನ್ನ ಹಳೆಯ ಸರವನ್ನು ಯಂತ್ರದಲ್ಲಿ ಮೂರು ಕಡೆ ಓದಿಸಿದೆ. ಮುದ್ರೆಯಿದ್ದ ಬಿಲ್ಲೆಯಲ್ಲಿ ಬೆಳ್ಳಿ ಶೇಕಡಾ 92ಕ್ಕಿಂತ ಮೇಲೆ ಬಂತು. ಸವೆದ ಕೊಂಡಿಯಲ್ಲಿ ಬಂದದ್ದು ಬಹುಪಾಲು ತಾಮ್ರ ಮತ್ತು ಸತು, ಜೊತೆಗೆ ಸ್ವಲ್ಪ ಬೆಳ್ಳಿ. ಅಕ್ಕಸಾಲಿಯವರು ನೋಡದೆಯೇ ಊಹಿಸಿದ್ದು ಅಕ್ಷರಶಃ ನಿಜವಾಯಿತು. ಕೈಸರವನ್ನು ಹೇಗೆ ನೋಡಬೇಕೆಂಬುದು ಈಗ ನನಗೆ ಸ್ಪಷ್ಟವಾಗಿದೆ. ಉಂಗುರದ ಬಗ್ಗೆ ಒಂದೇ ಪ್ರಶ್ನೆ ಉಳಿದಿದೆ: ಕಲ್ಲಿನ ಉಂಗುರವನ್ನು 999 ಬೆಳ್ಳಿಯಲ್ಲೇ ಮಾಡಿಸಿದರೆ ಗುಣಮಟ್ಟ ಇನ್ನೂ ಹೆಚ್ಚಾಗುವುದಿಲ್ಲವೇ?

ಉತ್ತರ — ಅಕ್ಕಸಾಲಿ

ಆಗುವುದಿಲ್ಲ ಮೇಡಂ, ಬದಲಿಗೆ ಕಲ್ಲು ಕಳೆದುಹೋಗುವ ಭಯ ಹೆಚ್ಚಾಗುತ್ತದೆ. ಚೊಕ್ಕ ಬೆಳ್ಳಿ ಬಹಳ ಮೆತ್ತಗಿನ ಲೋಹ. ಕಲ್ಲನ್ನು ಹಿಡಿಯುವ ಸಣ್ಣ ಹಲ್ಲುಗಳನ್ನು ಅದರಲ್ಲಿ ಮಾಡಿದರೆ ಬಟ್ಟೆಗೆ ಸಿಕ್ಕಿಕೊಂಡಾಗಲೇ ಅವು ಅಗಲುತ್ತವೆ. ತಾಮ್ರವನ್ನು ಬೆರೆಸುವುದೇ ಈ ಮೆತುವನ್ನು ಕಳೆದು ಗಟ್ಟಿತನ ತರಲೆಂದು. ಕಲ್ಲಿನ ಸುತ್ತ ಪೂರ್ತಿ ಪಟ್ಟಿ ಕಟ್ಟಿ ಒತ್ತುವ ಕೆಲಸಕ್ಕೆ ಮಾತ್ರ ಚೊಕ್ಕ ಬೆಳ್ಳಿಯ ಪಟ್ಟಿ ಒಳ್ಳೆಯದು, ಏಕೆಂದರೆ ಅದು ಕಲ್ಲಿನ ಅಂಚಿಗೆ ಹೇಳಿದಂತೆ ಬಾಗುತ್ತದೆ; ಅಲ್ಲಿಯೂ ಬೆರಳನ್ನು ಸುತ್ತುವ ಭಾಗ 925 ಇರಲಿ.

ಹಲ್ಲುಗಳಿರುವ ಉಂಗುರವನ್ನೇ ಆರಿಸಿದರೆ, ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಕಲ್ಲು ಸಡಿಲವಿದ್ದರೆ ಟಕಟಕ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಆಮೇಲೆ ಹಲ್ಲುಗಳ ಮೇಲೆ ಹತ್ತಿಯ ಎಳೆ ಎಳೆದು ನೋಡಿ, ಯಾವ ಹಲ್ಲಿನಲ್ಲೂ ಸಿಕ್ಕಬಾರದು. ಕಲ್ಲಿನ ಹಿಂಬದಿ ಮುಚ್ಚಿದ್ದರೆ ಯಾಕೆ ಮುಚ್ಚಿದ್ದಾರೆಂದು ಕೇಳಿ. ಕಲ್ಲಿನ ಬಣ್ಣ ಹೆಚ್ಚಿಸಲು ಕೆಳಗೆ ಬಣ್ಣದ ಹಾಳೆ ಇಟ್ಟಿದ್ದರೆ ಅದು ನೀರು ತಾಗಿದಾಗ ಮಸುಕಾಗುತ್ತದೆ. ಉಂಗುರದ ತಳದ ದಪ್ಪವನ್ನು ಅಳೆಯಿರಿ. ದಿನವೂ ತೊಡುವುದಾದರೆ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಇರುವುದನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ಕೊಳ್ಳುವ ಮುನ್ನ ಉಂಗುರದ ಒಳಸುತ್ತಿನ ಚಿತ್ರವನ್ನು ಇಲ್ಲಿ ಹಾಕಿ, ಮುದ್ರೆಯನ್ನೂ ಬೆಸುಗೆಯ ಗೆರೆಯನ್ನೂ ನೋಡಿ ಹೇಳುತ್ತೇನೆ.